ಬಿಂದುವಿನಿಂದ ಜಾಲಕ್ಕೆ: ಎಡಿಎಚ್‌ಡಿ ಸಂಶೋಧನೆಯ ಹಾದಿ

ಚಂಚಲ ಮನಸ್ಸಿನ ಬಗ್ಗೆ ಮಿದುಳು ವಿಜ್ಞಾನ ಎಷ್ಟು ದೂರ ಬಂದಿದೆ ಎಂದು ನೋಡಬೇಕಾದರೆ ಮದ್ರಾಸಿನಿಂದ ಶುರುಮಾಡಬೇಕು. ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಬಿ. ರಾಮಮೂರ್ತಿ 1950ರಲ್ಲಿ ನರಶಸ್ತ್ರಚಿಕಿತ್ಸೆ ಆರಂಭಿಸಿದರು. ಮುಂದೆ ವಿ. ಬಾಲಸುಬ್ರಮಣಿಯಂ ಮತ್ತು ದೇಶದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕರಲ್ಲಿ ಒಬ್ಬರಾದ ಟಿ.ಎಸ್. ಕನಕಾ ಅವರ ಜೊತೆಯಾದರು. ಹತೋಟಿಗೇ ಬಾರದ ಚಡಪಡಿಕೆ ಮತ್ತು ಆಕ್ರಮಣಶೀಲತೆ ಇದ್ದ ರೋಗಿಗಳ ತಲೆಗೆ ಲೋಹದ ಚೌಕಟ್ಟು ಬಿಗಿದು, ಎಕ್ಸ್‌ರೇ ನೋಡಿ ಅಳತೆ ಹಾಕಿ, ಬುರುಡೆಯ ಸಣ್ಣ ರಂಧ್ರದ ಮೂಲಕ ಮಿದುಳಿನ ಆಳದ ಅಮಿಗ್ಡಲಾವನ್ನೋ ಹೈಪೋಥಲಾಮಸ್‌ನ ಒಂದು ಭಾಗವನ್ನೋ ನಾಶಮಾಡುವ ಶಸ್ತ್ರಕ್ರಿಯೆಯನ್ನು ಈ ತಂಡ ಮಾಡುತ್ತಿತ್ತು. ಬಾಲಸುಬ್ರಮಣಿಯಂ ಅದನ್ನು ‘ಸೆಡೇಟಿವ್ ನ್ಯೂರೋಸರ್ಜರಿ’ ಎಂದು ಕರೆದರು. ಅತಿಚಟುವಟಿಕೆ ಮತ್ತು ವರ್ತನೆಯ ತೊಂದರೆಗಳಿಗೆ ಶಸ್ತ್ರಚಿಕಿತ್ಸೆ ಎಂಬರ್ಥದ ಶೀರ್ಷಿಕೆಯಲ್ಲೇ ಈ ತಂಡದ ಪ್ರಬಂಧವೊಂದು 1970ರಲ್ಲಿ ಬಂತು.

ಆ ರೋಗಿಗಳಲ್ಲಿ ಮಕ್ಕಳೂ ಇದ್ದರು. ಹಲವರಿಗೆ ಮೂರ್ಛೆರೋಗ ಅಥವಾ ಮಿದುಳು ಜ್ವರದ ನಂತರದ ತೊಂದರೆಗಳಿದ್ದವು. ಇಂದು ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎನ್ನುವುದಕ್ಕೂ ಅದಕ್ಕೂ ಗಂಟು ಹಾಕುವುದು ಸರಿಯಲ್ಲ. ಮನೆಯವರ ಕೈಮೀರಿದ ಸ್ಥಿತಿ ಎಂಬುದೂ ನಿಜ. ಆದರೂ ತನ್ನ ಒಪ್ಪಿಗೆ ಹೇಳಲಾಗದ ಮಗುವಿನ ಮಿದುಳಲ್ಲಿ ಮರಳಿ ಬಾರದ ಭಾಗವೊಂದನ್ನು ಇಲ್ಲವಾಗಿಸಿದ್ದನ್ನು ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಆ ಕಾಲದ ನಂಬಿಕೆ ಸರಳ: ಪ್ರತಿ ವರ್ತನೆಗೂ ಮಿದುಳಲ್ಲಿ ಒಂದು ಜಾಗವಿದೆ, ಜಾಗ ಸಿಕ್ಕರೆ ಸಮಸ್ಯೆ ಸಿಕ್ಕಂತೆ. ಜಪಾನಿನಲ್ಲಿ ನರಾಬಯಾಶಿ ಎಂಬ ವೈದ್ಯರು 1963ರಲ್ಲೇ ಇಂಥ ಶಸ್ತ್ರಕ್ರಿಯೆಯ ವರದಿ ಕೊಟ್ಟಿದ್ದರು. ಮದ್ರಾಸಿನವರು ಹೊಸ ಹುಚ್ಚು ಹಿಡಿಸಿಕೊಂಡವರೇನಲ್ಲ.

ಇಂದಿನ ಎಡಿಎಚ್‌ಡಿ ಆಗಿನ್ನೂ ಮಕ್ಕಳ ಕಾಯಿಲೆ ಎಂದೇ ಲೆಕ್ಕ. ಬೆಳೆದಂತೆ ತಾನೇ ಹೋಗುತ್ತದೆ ಎಂದುಕೊಂಡಿದ್ದರು. 1970ರ ದಶಕದಲ್ಲಿ ಅಮೆರಿಕದ ಪಾಲ್ ವೆಂಡರ್ ಮತ್ತಿತರರು ದೊಡ್ಡವರಲ್ಲೂ ಇದು ಉಳಿಯುತ್ತದೆ ಎಂದು ವಾದಿಸಿದರು. 1990ರಲ್ಲಿ ಝಮೆಟ್ಕಿನ್ ತಂಡ ಇಂಥ 25 ವಯಸ್ಕರ ಮಿದುಳಿನ ಗ್ಲೂಕೋಸ್ ಬಳಕೆಯನ್ನು ಪೆಟ್ ಸ್ಕ್ಯಾನ್‌ನಲ್ಲಿ ಅಳೆದು, ಅದು ಇತರರಿಗಿಂತ ಸುಮಾರು ಶೇ 8ರಷ್ಟು ಕಡಿಮೆ ಎಂದಿತು. ಇನ್ನೂ ‘ಎಲ್ಲಿ ಕಡಿಮೆ’ ಎಂಬುದೇ ಪ್ರಶ್ನೆ.

ತಿರುವು ಬಂದಿದ್ದು ಬೇರೆ ಕಡೆಯಿಂದ. 1995ರಲ್ಲಿ ಭಾರತ್ ಬಿಸ್ವಾಲ್ ಎಂಬ ಸಂಶೋಧಕ ವಿಸ್ಕಾನ್ಸಿನ್‌ನಲ್ಲಿ ಜನರನ್ನು ಎಂಆರ್‌ಐ ಯಂತ್ರದೊಳಗೆ ಸುಮ್ಮನೆ ಮಲಗಿಸಿದರು. ಬೆರಳೂ ಆಡಿಸದೆ ಮಲಗಿದ್ದಾಗಲೂ ಮಿದುಳಿನ ಎಡ ಬಲ ಚಲನಾ ಭಾಗಗಳ ಏರಿಳಿತ ಒಂದೇ ಲಯದಲ್ಲಿತ್ತು. ಹೀಗೆ ಜೊತೆಜೊತೆಗೆ ಏರಿಳಿಯುವುದನ್ನೇ ಇಂದು ‘ಸಂಪರ್ಕ’ ಎಂದು ಅಳೆಯುತ್ತಾರೆ. ಕಣ್ಣಿಗೆ ಕಾಣುವ ತಂತಿಯನ್ನಲ್ಲ. 2001ರಲ್ಲಿ ಮಾರ್ಕಸ್ ರೈಕ್ಲ್ ತಂಡ, ಕೆಲಸವಿಲ್ಲದಾಗ ಚುರುಕಾಗಿ, ಕೆಲಸಕ್ಕೆ ಕೂತೊಡನೆ ತಣ್ಣಗಾಗುವ ಭಾಗಗಳಿಗೆ ‘ಡೀಫಾಲ್ಟ್ ಮೋಡ್’ ಎಂಬ ಹೆಸರು ಕೊಟ್ಟಿತು. ಎಡಿಎಚ್‌ಡಿ ಇರುವವರಲ್ಲಿ ಈ ಭಾಗಗಳ ಜಾಲ ಸರಿಯಾಗಿ ತಣ್ಣಗಾಗದೆ ಕೆಲಸದ ನಡುವೆ ತಲೆಹಾಕುತ್ತದೆ ಎಂಬುದು 2007ರಲ್ಲಿ ಸೊನುಗಾ-ಬಾರ್ಕ್ ಮತ್ತು ಕ್ಯಾಸ್ಟೆಲಾನೋಸ್ ಮುಂದಿಟ್ಟ ಊಹೆ. ಮರುವರ್ಷವೇ ಕ್ಯಾಸ್ಟೆಲಾನೋಸ್ ತಂಡ ಎಡಿಎಚ್‌ಡಿ ಇರುವ 20 ವಯಸ್ಕರಲ್ಲಿ ಮಿದುಳಿನ ಮುಂಭಾಗದ ಸಿಂಗ್ಯುಲೇಟ್‌ಗೂ ಹಿಂಭಾಗದ ಪ್ರಿಕ್ಯೂನಿಯಸ್‌ಗೂ ನಡುವಿನ ಹೊಂದಾಣಿಕೆ ಕಡಿಮೆಯಿದೆ ಎಂದು ವರದಿ ಮಾಡಿತು.

ಈ ಊಹೆ ಜನರಿಗೆ ಹಿಡಿಸಿದ್ದಕ್ಕೆ ಕಾರಣವಿದೆ. ಕರೆಂಟ್ ಬಿಲ್ ಕಟ್ಟಲು ಫೋನ್ ಕೈಗೆತ್ತಿಕೊಂಡು, ಒಟಿಪಿ ಬರುವಷ್ಟರಲ್ಲಿ ಇನ್ನೇನನ್ನೋ ನೋಡುತ್ತ ಕೂತು, ಕೊನೆಗೆ ಫ್ಯೂಸ್ ಕಿತ್ತ ಮೇಲೆ ನೆನಪಾಗುವವರ ಕಥೆ ಅದಕ್ಕೆ ಹೊಂದುತ್ತದೆ. ಅವರಿಗೆ ಕಷ್ಟವಾಗುವುದು ಇವು: ತಡೆದುಕೊಳ್ಳುವುದು, ಬೇಕಾದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು. ಎಕ್ಸಿಕ್ಯುಟಿವ್ ಫಂಕ್ಷನ್ ಎಂದು ಕರೆಯುವುದು ಇವನ್ನೇ. ಇವನ್ನು ಅಳೆಯುವ ಬಗೆಗಳಲ್ಲಿ ಒಂದು 1935ರ ಸ್ಟ್ರೂಪ್ ಪರೀಕ್ಷೆ. ‘ಕೆಂಪು’ ಎಂದು ನೀಲಿ ಶಾಯಿಯಲ್ಲಿ ಬರೆದಿರುತ್ತದೆ, ಓದದೆ ಶಾಯಿಯ ಬಣ್ಣ ಹೇಳಬೇಕು. ನಾಲಿಗೆ ತುದಿಗೆ ಬಂದ ‘ಕೆಂಪು’ವನ್ನು ನುಂಗಿ ‘ನೀಲಿ’ ಎನ್ನಲು ಹಿಡಿಯುವ ಹೆಚ್ಚಿನ ಹೊತ್ತೇ ಅಳತೆ. ತೊಡಕೆಂದರೆ, ಸದ್ದಿಲ್ಲದ ಕೋಣೆಯಲ್ಲಿ ಎದುರಿಗೊಬ್ಬರು ಗಡಿಯಾರ ಹಿಡಿದು ಕೂತಿದ್ದರೆ ಎಡಿಎಚ್‌ಡಿ ಇರುವ ಹಲವು ವಯಸ್ಕರು ಇದನ್ನು ಸಲೀಸಾಗಿ ಮುಗಿಸುತ್ತಾರೆ. ಬಿಲ್ ಮಾತ್ರ ಹಾಗೇ ಬಾಕಿ.

ಸ್ಕ್ಯಾನ್‌ಗಳ ಸ್ಥಿತಿಯೂ ಅಷ್ಟೇನೂ ಗಟ್ಟಿಯಲ್ಲ. 2012ರಲ್ಲಿ ಜೊನಾಥನ್ ಪವರ್ ಮತ್ತು ಸಂಗಡಿಗರು ತೋರಿಸಿದ್ದು ಈ ಕ್ಷೇತ್ರವನ್ನೇ ಬೆಚ್ಚಿಬೀಳಿಸಿತು. ಯಂತ್ರದೊಳಗೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ದೂರದ ಭಾಗಗಳ ಸಂಪರ್ಕ ಕಡಿಮೆಯಾದಂತೆ, ಹತ್ತಿರದವುಗಳದ್ದು ಹೆಚ್ಚಿದಂತೆ ಕಾಣುತ್ತದೆ. ಸುಮ್ಮನಿರಲಾಗದಿರುವುದೇ ಲಕ್ಷಣವಾದ ಸ್ಥಿತಿಯಲ್ಲಿ ಇದಕ್ಕಿಂತ ಕೆಟ್ಟ ಗೊಂದಲ ಇನ್ನೇನಿದೆ? ಅದಕ್ಕೆ ಹಿಂದಿನ ವರ್ಷದ ಎಡಿಎಚ್‌ಡಿ-200 ಸ್ಪರ್ಧೆಯದ್ದು ಇನ್ನೂ ಸ್ವಾರಸ್ಯದ ಕಥೆ. ಎಂಟು ಕೇಂದ್ರಗಳಿಂದ ಒಂಬೈನೂರಕ್ಕೂ ಹೆಚ್ಚು ಮಕ್ಕಳು ಮತ್ತು ಯುವಜನರ ಸ್ಕ್ಯಾನ್ ಕೊಟ್ಟು, ಯಾರಿಗೆ ಎಡಿಎಚ್‌ಡಿ ಇದೆ ಎಂದು ಕಂಪ್ಯೂಟರ್‌ನಿಂದ ಹೇಳಿಸಿ ಎಂದರು. ಅಲ್ಬರ್ಟಾ ವಿಶ್ವವಿದ್ಯಾಲಯದ ತಂಡ ವಯಸ್ಸು, ಲಿಂಗ, ಬುದ್ಧ್ಯಂಕ, ಎಡಗೈಯೋ ಬಲಗೈಯೋ ಎಂಬಂಥ ಮಾಹಿತಿಯಷ್ಟನ್ನೇ ಬಳಸಿ, ಸ್ಕ್ಯಾನ್ ನೆಚ್ಚಿಕೊಂಡವರೆಲ್ಲರಿಗಿಂತ ಹೆಚ್ಚು ನಿಖರವಾಗಿ ಹೇಳಿತು. ಸ್ಕ್ಯಾನನ್ನೇ ಬಳಸಲಿಲ್ಲ ಎಂದು ಬಹುಮಾನ ಮಾತ್ರ ಬೇರೆಯವರ ಪಾಲಾಯಿತು.

ಆಮೇಲೆ ಬಂದ ಎನಿಗ್ಮಾ ಒಕ್ಕೂಟದ 2017ರ ಬೃಹತ್ ವಿಶ್ಲೇಷಣೆಯಲ್ಲಿ ಎಡಿಎಚ್‌ಡಿ ಇರುವ ಮಕ್ಕಳ ಮಿದುಳಿನ ಕೆಲವು ಆಳದ ಭಾಗಗಳು ತುಸು ಚಿಕ್ಕದಾಗಿದ್ದವು. ವಯಸ್ಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮಿದುಳಿನ ಚಿತ್ರಕ್ಕೂ ವರ್ತನೆಗೂ ನಂಬುವಂಥ ನಂಟು ಹುಡುಕಲು ಸಾವಿರಾರು ಜನ ಬೇಕು ಎಂದು 2022ರಲ್ಲಿ ಮಾರೆಕ್ ತಂಡ ಹೇಳಿದ ಮೇಲೆ ಇಪ್ಪತ್ತು, ಮೂವತ್ತು ಜನರ ಅಧ್ಯಯನಗಳನ್ನು ಉಪ್ಪು ಖಾರ ಬೆರೆಸದೆ ಓದುವುದು ಅನಿವಾರ್ಯವಾಗಿದೆ. ಜಾಲದ ಕಲ್ಪನೆ ಬಿಂದುವಿನ ಕಲ್ಪನೆಗಿಂತ ನಿಜಕ್ಕೆ ಹತ್ತಿರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಗುಂಪಿನ ಸರಾಸರಿಯ ಮಾತು. ‘ಮಿದುಳು ಮ್ಯಾಪಿಂಗ್’ ಮಾಡಿ ಎಡಿಎಚ್‌ಡಿ ಪತ್ತೆ ಮಾಡುತ್ತೇವೆ ಎನ್ನುವ ಜಾಹೀರಾತಿಗೆ ದುಡ್ಡು ಸುರಿಯುವ ಮುನ್ನ ಇಷ್ಟು ತಿಳಿದಿರಲಿ: ರೋಗನಿರ್ಣಯದ ಕೈಪಿಡಿ ಡಿಎಸ್‌ಎಂ-5 ಕೇಳುವುದು 12ನೇ ವಯಸ್ಸಿಗೆ ಮುಂಚಿನಿಂದ ಇದ್ದ ಲಕ್ಷಣಗಳನ್ನು. ಅದನ್ನು ಹೇಳಬಲ್ಲವರು ಅಮ್ಮ, ಅಣ್ಣ, ಹಳೆಯ ಮಾರ್ಕ್ಸ್‌ಕಾರ್ಡ್.

ಚೆನ್ನೈ ಈಗ ಬೇರೆ ದಿಕ್ಕಿನಿಂದ ಮಿದುಳಿಗೆ ಮರಳಿದೆ. ಇನ್ಫೊಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ನೆರವಿನಿಂದ 2022ರಲ್ಲಿ ಶುರುವಾದ ಐಐಟಿ ಮದ್ರಾಸ್‌ನ ಸುಧಾ ಗೋಪಾಲಕೃಷ್ಣನ್ ಬ್ರೈನ್ ಸೆಂಟರ್, 2024ರಲ್ಲಿ ‘ಧರಣಿ’ ಎಂಬ ಭ್ರೂಣ ಮಿದುಳಿನ ಅಟ್ಲಾಸ್ ಹೊರತಂದಿತು. 5,132 ಸೀಳುಗಳ ಚಿತ್ರ, ಜೀವಕೋಶದ ಮಟ್ಟದ ವಿವರ. ಎಡಿಎಚ್‌ಡಿ ಅದರ ವಿಷಯವಲ್ಲ. ಜೀವಂತ ಮನುಷ್ಯರನ್ನು ದೊಡ್ಡ ಸಂಖ್ಯೆಯಲ್ಲಿ ನೋಡುವ ಕೆಲಸ ನಡೆದಿರುವುದು ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಸಿ-ವೇದಾ ಅಧ್ಯಯನದಲ್ಲಿ. ಮೈಸೂರು, ರಿಷಿ ವ್ಯಾಲಿ, ಕೋಲ್ಕತ್ತ, ಚಂಡೀಗಢ, ಇಂಫಾಲ ಮೊದಲಾದ ಕಡೆಗಳಿಂದ 6ರಿಂದ 23 ವರ್ಷದವರನ್ನು ಸೇರಿಸಿಕೊಂಡು, ಅವರಲ್ಲಿ ಕೆಲವರ ಮಿದುಳಿನ ಎಂಆರ್‌ಐ ತೆಗೆದಿದ್ದಾರೆ. ಅಂದು ಹತ್ತನೇ ಇಯತ್ತೆಯಲ್ಲಿದ್ದವರು ಈಗ ಸಂಬಳ ಎಣಿಸುವ ವಯಸ್ಸಿನವರು. ಬಾಲ್ಯದ ಚಡಪಡಿಕೆ ಯಾರಲ್ಲಿ ಉಳಿಯಿತು, ಯಾರಲ್ಲಿ ಕರಗಿತು ಎಂಬುದನ್ನು ನಮ್ಮವರಲ್ಲೇ ನೋಡಬೇಕಾದರೆ ಅವರನ್ನು ಮತ್ತೆ ಕರೆದು ಮಲಗಿಸಿ, ತಲೆ ಅಲುಗಿಸಬೇಡಿ ಎನ್ನಬೇಕು.