ನಾಲಿಗೆ ಬಿಟ್ಟ ಆಮ್ಲ

ಆಮ್ಲ

ಸಂಸ್ಕೃತದಲ್ಲಿ ಇದರ ಅರ್ಥ ಹುಳಿ. ನಾಸಿಕ, ಛತ್ರಪತಿ ಸಂಭಾಜಿನಗರದ ಕನ್ನಡಿಗರು ದಿನವೂ ಕೇಳುವ ಮರಾಠಿಯ ‘ಆಂಬಟ’ಕ್ಕೂ ಇದರದೇ ನಂಟು. ಲ್ಯಾಟಿನ್ ಮೂಲದ ‘ಆಸಿಡ್’ ಕೂಡ ಹುಳಿಯೇ. ನಮ್ಮ ‘ಹುಳಿ’ ಹಳಗನ್ನಡದ ‘ಪುಳಿ’. ತಮಿಳು, ಮಲಯಾಳಂ ಅದನ್ನು ಹಾಗೆಯೇ ಉಳಿಸಿಕೊಂಡಿವೆ. ಹಾಗಾದರೆ ರಸಾಯನಶಾಸ್ತ್ರದ ‘ಲೂಯಿಸ್ ಆಮ್ಲ’ವನ್ನು ಅಚ್ಚಗನ್ನಡದಲ್ಲಿ ‘ಲೂಯಿಸ್ ಹುಳಿ’ ಎನ್ನಬಾರದೇಕೆ? 1923ರಲ್ಲಿ ರಸಾಯನಶಾಸ್ತ್ರಜ್ಞ ಜಿ.ಎನ್. ಲೂಯಿಸ್ ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವುದೆಲ್ಲ ಆಮ್ಲವೆಂದಾಗಲೇ ರುಚಿಯ ಸಾಕ್ಷ್ಯ ಬಿದ್ದುಹೋಯಿತು. ಅಂಥ ಆಮ್ಲವಾದ ಅಲ್ಯೂಮಿನಿಯಂ ಕ್ಲೋರೈಡ್‌ನಲ್ಲಿ ಜಲಜನಕವೇ ಇಲ್ಲ. ಸುಮಾರು ಮೈನಸ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಐಸೊಬ್ಯುಟಿಲೀನ್ ಅಣುಗಳನ್ನು ಧನ ಅಯಾನಿನ ದಾರಿಯಲ್ಲಿ ಸರಪಳಿಯಾಗಿಸಿ, ಟೈರಿನ ಟ್ಯೂಬಿಗೆ ಬೇಕಾದ ಬ್ಯುಟೈಲ್ ರಬ್ಬರ್ ಕೊಡಲು ನೆರವಾಗುತ್ತದೆ. ಇಂಥದೇ ಇನ್ನೊಂದು ಆಮ್ಲವಾದ ಸತುವಿನ ಅಯೋಡೈಡ್ ವಿನೈಲ್ ಈಥರ್‌ಗಳಲ್ಲಿ ಸರಪಳಿಯ ಉದ್ದವನ್ನೂ ಹಿಡಿತಕ್ಕೆ ತರಲು ನೆರವಾಗುತ್ತದೆ. ಮೂಲದಲ್ಲಿ ಆಮ್ಲವೂ ಹುಳಿಯಲ್ಲವೇ ಎಂದರೆ, ಹೌದು. ಆದರೆ ಕನ್ನಡದ ಬಳಕೆಯಲ್ಲಿ ಆಮ್ಲ ನಾಲಿಗೆಯಿಂದ ಪ್ರಯೋಗಶಾಲೆಗೆ ಸರಿದಿದೆ, ಹುಳಿ ಇನ್ನೂ ಅನ್ನದ ಜೊತೆಗೇ ಇದೆ.