ಕಾಲಾ ಅಜಾರ್ (ಕಪ್ಪು ಜ್ವರ)

ಲೀಶ್ಮೇನಿಯಾ ಡೊನೊವಾನಿ ಎಂಬ ಪರಾವಲಂಬಿ ಜೀವಿಯಿಂದ ಉಂಟಾಗುವ ಈ ರೋಗವು ಸೋಂಕಿತ ಹೆಣ್ಣು ಮರಳುನೊಣದ ಕಡಿತದಿಂದ ಹರಡುತ್ತದೆ. ಭಾರತದಲ್ಲಿ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಹಾಗೂ ಉತ್ತರ ಪ್ರದೇಶದ ಒಟ್ಟು 54 ಜಿಲ್ಲೆಗಳನ್ನು ರೋಗಪೀಡಿತವೆಂದು ಗುರುತಿಸಲಾಗಿದೆ.

ಲಕ್ಷಣಗಳು: ಎರಡು ವಾರ ಮೀರಿದ ಜ್ವರ, ಗುಲ್ಮದ (ಸ್ಪ್ಲೀನ್) ಊತ, ತೂಕ ಇಳಿಕೆ, ರಕ್ತಹೀನತೆ, ಚರ್ಮ ಕಪ್ಪಾಗುವಿಕೆ.

ಪರೀಕ್ಷೆ ಮತ್ತು ಚಿಕಿತ್ಸೆ: ಆರ್‌ಕೆ-39 ತ್ವರಿತ ಪರೀಕ್ಷೆಯಿಂದ ರೋಗವನ್ನು ಪತ್ತೆ ಹಚ್ಚಲಾಗುತ್ತದೆ. ಲೈಪೋಸೋಮಲ್ ಆಂಫೋಟೆರಿಸಿನ್-ಬಿ ಔಷಧವನ್ನು ಒಂದೇ ಬಾರಿ ರಕ್ತನಾಳದ ಮೂಲಕ ನೀಡಲಾಗುತ್ತದೆ. ಪೀಡಿತ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ. ಚಿಕಿತ್ಸೆ ಪಡೆಯದಿದ್ದಲ್ಲಿ ರೋಗವು ಬಹುತೇಕ ಮಾರಣಾಂತಿಕ.

ಗಮನಿಸಿ: ಗುಣಮುಖರಾದ ಕೆಲವರಲ್ಲಿ ತಿಂಗಳುಗಳು ಅಥವಾ ವರ್ಷಗಳ ತರುವಾಯ ಚರ್ಮದ ಮೇಲೆ ಬಿಳಿ ಮಚ್ಚೆ ಅಥವಾ ಗಂಟುಗಳು ಕಾಣಿಸಿಕೊಳ್ಳಬಹುದು. ಇಂತಹವರಿಂದಲೂ ಮರಳುನೊಣದ ಮೂಲಕ ಸೋಂಕು ಹರಡುವುದರಿಂದ ಇದಕ್ಕೂ ಚಿಕಿತ್ಸೆ ಅವಶ್ಯಕ. ಸದರಿ ಜಿಲ್ಲೆಗಳಲ್ಲಿ ವಾಸವಿದ್ದವರು ಜ್ವರ ಬಂದಾಗ ಆ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.