ಒತ್ತೆ ಹಿಡಿದವರಾರು? – ಚಾಮರಾಜನಗರ ಸೀಮೆಯನ್ನು ಕುರಿತ ಒಂದು ಚಾರಿತ್ರಿಕ ಅವಲೋಕನ

ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದಾದ ಶಿವಶರಣೆಯರ ವಚನ ಸಂಪುಟವನ್ನು ತೆರೆದವರಿಗೆ ಅಲ್ಲಿ ಶರಣೆಯರನ್ನು ಗುರುತಿಸಿರುವ ಕ್ರಮವೇ ಮೊದಲು ಕಣ್ಣಿಗೆ ಬೀಳುತ್ತದೆ. ಕೆಲವರು ಪತಿಯ ಹೆಸರಿನೊಡನೆ ‘ಪುಣ್ಯಸ್ತ್ರೀ’ ಎನಿಸಿಕೊಂಡವರು. ಮತ್ತೆ ಕೆಲವರು ಕದಿರ ರೆಮ್ಮವ್ವೆಯಂತೆ, ಕೊಟ್ಟಣದ ಸೋಮಮ್ಮನಂತೆ ಕೈಯ ಕೆಲಸದಿಂದಲೇ ಹೆಸರಾದವರು. ಇವರ ನಡುವೆ ಸೂಳೆ ಸಂಕವ್ವೆ ಎಂಬಾಕೆಯೂ ಇದ್ದಾಳೆ. ನಿರ್ಲಜ್ಜೇಶ್ವರ ಎಂಬ ಅಂಕಿತದ ಒಂದೇ ಒಂದು ವಚನ ಆಕೆಯದಾಗಿ ಉಳಿದು ಬಂದಿದೆ. ಆ ಕಿರುವಚನದ ಜೀವವೆಲ್ಲ ‘ಒತ್ತೆ’ ಎಂಬ ಒಂದು ಮಾತಿನಲ್ಲಿದೆ. ಒತ್ತೆಯೆಂದರೆ ಮುಂಗಡ ಹಣ, ಮಾತಿಗೆ ಕಟ್ಟುಬಿದ್ದ ಪಣ. ತನ್ನ ವೃತ್ತಿಯ ಈ ನಿಯಮವನ್ನೇ ಆಕೆ ವ್ರತನಿಷ್ಠೆಯ ದೃಷ್ಟಾಂತವಾಗಿ ಮಾಡಿಕೊಂಡಿದ್ದಾಳೆ.

ಈ ವಚನವನ್ನು ಮುಂದೊಡ್ಡಿ, ಶರಣರು ವೇಶ್ಯಾವೃತ್ತಿಯನ್ನೂ ಕಾಯಕವೆಂದು ಒಪ್ಪಿದರೆಂದು ಸಾಹಿತ್ಯದ ವಿದ್ಯಾರ್ಥಿಗಳು ಬರೆಯುವುದುಂಟು. ಇದು ಅವಸರದ ತೀರ್ಮಾನ. ಸಂಕವ್ವೆಯನ್ನು ಅನುಭವಮಂಟಪದ ಬಳಗ ಹೊರಗಿಡಲಿಲ್ಲವೆಂಬುದು ನಿಜ, ಹಿರಿದಾದ ಮಾತು. ಆದರೆ ವಚನದಲ್ಲಿ ಒತ್ತೆಯ ಮಾತಾಡುವವಳು ಪ್ರಾಯಕ್ಕೆ ಬಂದ, ಒಪ್ಪುವ ಮತ್ತು ಒಲ್ಲೆನೆನ್ನುವ ಶಕ್ತಿಯುಳ್ಳ ಹೆಂಗಸು. ಒತ್ತೆ ಹಿಡಿಯುವ ಕೈ ಅವಳದೇ. ಕಾಯಕಕ್ಕೆ ಮೊದಲು ಬೇಕಾದುದು ಮಾಡುವವರ ಮನಸ್ಸು. ಹತ್ತು ಹನ್ನೆರಡು ವಯಸ್ಸಿನ ಮಗುವಿನ ಹೆಸರಿನಲ್ಲಿ ಬೇರೊಬ್ಬರು ಒತ್ತೆ ಹಿಡಿದಾಗ ಆ ಮಗು ಕಾಯಕಕ್ಕೆ ತೊಡಗಿತೆಂದು ಯಾವ ಶಾಸ್ತ್ರವೂ ಹೇಳಲಾರದು. ಅಲ್ಲಿ ಮಗುವೇ ಒತ್ತೆಯ ವಸ್ತು. ಒತ್ತೆ ಹಿಡಿದವರು ಯಾರು ಎಂಬ ಈ ಪ್ರಶ್ನೆಯನ್ನು ಇಟ್ಟುಕೊಂಡು ನಂಜನಗೂಡು, ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯ ಕಳೆದ ನೂರಿಪ್ಪತ್ತು ವರ್ಷಗಳನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

ದೇವಾಲಯಗಳಲ್ಲಿ ನಡೆಯುತ್ತಿದ್ದ ಗೆಜ್ಜೆಪೂಜೆಯ ಸ್ವರೂಪವನ್ನು ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದಲೋ, 1969ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನಾಧರಿಸಿ ತೆಗೆದ ಚಿತ್ರದಿಂದಲೋ ವಾಚಕರು ಬಲ್ಲರು. ಹುಡುಗಿ ಮೈನೆರೆಯುವ ಮೊದಲೇ ಗೆಜ್ಜೆ ಕಟ್ಟುವುದು ರೂಢಿ. ಕಟ್ಟಿಸುವವರು ಮನೆಯ ಹಿರಿಯರು, ನಡೆಸಿಕೊಡುವವರು ಪುರೋಹಿತರು, ಫಲವನ್ನು ಕಾಯುವವನು ಊರಿನ ಹಣವಂತ. ಈ ಏರ್ಪಾಟಿನಲ್ಲಿ ಹುಡುಗಿಯ ಒಪ್ಪಿಗೆ ಕೇಳುವ ಘಟ್ಟವೇ ಇಲ್ಲ. ಇದನ್ನು ತಡೆಯಲು ಕಾನೂನು ಇರಲಿಲ್ಲವೆಂದೂ ಹೇಳುವಂತಿಲ್ಲ. 1860ರ ಭಾರತ ದಂಡಸಂಹಿತೆಯ 372 ಮತ್ತು 373ನೆಯ ಕಲಮುಗಳು ಹದಿನಾರು ವರ್ಷ ತುಂಬದವರನ್ನು ಈ ವೃತ್ತಿಗಾಗಿ ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದಿದ್ದವು. 1924ರಲ್ಲಿ ಆ ವಯೋಮಿತಿ ಹದಿನೆಂಟಕ್ಕೆ ಏರಿತು. ಆದರೆ ದೂರು ಕೊಡಬೇಕಾದವರೇ ಗೆಜ್ಜೆ ಕಟ್ಟಿಸಿದವರಾದಾಗ ಕಲಮು ಪುಸ್ತಕದಲ್ಲಿಯೇ ಉಳಿಯಿತು.

ಮೈಸೂರು ಸಂಸ್ಥಾನ ಈ ದಿಕ್ಕಿನಲ್ಲಿ ಮುಂದಿತ್ತೆಂಬುದು ಹೆಮ್ಮೆಯ ಸಂಗತಿ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು 1894ರಲ್ಲಿಯೇ ನಿಷೇಧಿಸಿತು. 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಆದರೆ ಈ ಎರಡನೆಯ ಆಜ್ಞೆಯ ದೃಷ್ಟಿ ಮುಖ್ಯವಾಗಿ ದೇವಾಲಯದ ಪಾವಿತ್ರ್ಯದ ಮೇಲಿತ್ತು. ಗುಡಿಯ ಬಾಗಿಲು ಮುಚ್ಚಿದ ಮೇಲೆ ಅಲ್ಲಿಂದ ಹೊರಟ ಹೆಂಗಸು, ಅವಳ ಸೆರಗು ಹಿಡಿದ ಮಗಳು ಎಲ್ಲಿಗೆ ಹೋಗಬೇಕೆಂಬುದು ಅದರ ಮುಖ್ಯ ಚಿಂತೆಯಾಗಿರಲಿಲ್ಲ.

ಇಲ್ಲಿ ನಂಜನಗೂಡಿನ ಒಬ್ಬ ಮಗಳನ್ನು ನೆನೆಯದೆ ಮುಂದುವರಿಯಲಾಗದು. ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ಹುಟ್ಟಿದ್ದು ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ. ಸಂಗೀತದಲ್ಲಿಯೂ ಸಂಸ್ಕೃತ ತೆಲುಗುಗಳಲ್ಲಿಯೂ ಅವರು ಪಡೆದ ವಿದ್ವತ್ತು ಅಂದಿನ ಗರತಿಯರ ಪಾಲಿಗೆ ಕನಸಾಗಿತ್ತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಗುಡಿಯನ್ನು ಕಟ್ಟಿಸಿ 1952ರಲ್ಲಿ ಅಲ್ಲಿಯವರಾಗಿಯೇ ತೀರಿಕೊಂಡರು. ಮದರಾಸಿನಲ್ಲಿ ಈ ಪದ್ಧತಿಯ ವಿರುದ್ಧ ಮಸೂದೆ ಬಂದಾಗ ಅದನ್ನು ವಿರೋಧಿಸಿ ನಿಂತವರಲ್ಲಿ ನಾಗರತ್ನಮ್ಮನವರು ಮುಖ್ಯರು. ಮಸೂದೆಯನ್ನು ತಂದ ಡಾ. ಮುತ್ತುಲಕ್ಷ್ಮೀ ರೆಡ್ಡಿಯವರ ತಾಯಿಯೂ ಅಂಥ ಮನೆತನದವರೇ ಆಗಿದ್ದರು. ನಾಗರತ್ನಮ್ಮನವರ ವಾದದಲ್ಲಿ ಮಾನಕ್ಕೂ ವಿದ್ಯೆಗೂ ಸಂಬಂಧಿಸಿದ ನ್ಯಾಯವಾದ ನೋವಿತ್ತು. ಆದರೂ ಒತ್ತೆಯ ಪ್ರಶ್ನೆಯನ್ನು ಕೇಳಿದರೆ ಲೇಖಕನ ಮನಸ್ಸು ಮುತ್ತುಲಕ್ಷ್ಮಿಯವರ ಕಡೆಗೇ ವಾಲುತ್ತದೆ. ನಾಗರತ್ನಮ್ಮನವರಂತೆ ಆದವರು ಎಷ್ಟು ಮಂದಿ? ಹೆಸರಿಲ್ಲದೆ ಹೋದವರು ಎಷ್ಟು ಮಂದಿ?

ಮುತ್ತುಲಕ್ಷ್ಮಿಯವರ ದೊಡ್ಡತನ ಶಾಸನದಲ್ಲಿ ಮಾತ್ರವಿಲ್ಲ. ಅವರು ಸಾಧಿಸಿದ 1929ರ ತಿದ್ದುಪಡಿಯಿಂದ, ದೇವಾಲಯ ಸೇವೆಗಾಗಿ ಬಿಟ್ಟಿದ್ದ ಇನಾಂ ಭೂಮಿ ಸೇವೆಯ ಹಂಗಿಲ್ಲದೆ ಆ ಹೆಂಗಸರಿಗೇ ಉಳಿಯಿತು. ಮರುವರ್ಷದ ಹೊತ್ತಿಗೆ, ಯಾವ ವಿದ್ಯಾರ್ಥಿನಿಲಯವೂ ಸೇರಿಸಿಕೊಳ್ಳದ ದೇವದಾಸಿ ಕುಲದ ಹುಡುಗಿಯರು ಅವರ ಮನೆಯ ಬಾಗಿಲಿಗೆ ಬಂದರು. ಅವರನ್ನು ಒಳಗೆ ಕರೆದುಕೊಂಡದ್ದರಿಂದಲೇ ಮದರಾಸಿನ ಅವ್ವೈ ಇಲ್ಲಂ ಹುಟ್ಟಿತು. ಒಂದು ಬಾಗಿಲನ್ನು ಮುಚ್ಚಿಸಿದ ಕೈಯೇ ಇನ್ನೊಂದನ್ನು ತೆರೆಯಿತು.

ಈ ಎರಡು ರಾಜ್ಯಗಳ ಗಡಿ ನಮ್ಮ ಸೀಮೆಯ ನಡುವೆಯೇ ಹಾದುಹೋಗಿತ್ತೆಂಬುದನ್ನು ಇಂದಿನ ತರುಣರು ಮರೆತಿರಬಹುದು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರಿನವು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿ ಮದರಾಸಿನ ಆಳ್ವಿಕೆಯಲ್ಲಿತ್ತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1947ರ ಮದರಾಸು ಕಾಯ್ದೆ ಕೊಳ್ಳೇಗಾಲಕ್ಕೆ ಅನ್ವಯವಾಯಿತೇ ಹೊರತು ಪಕ್ಕದ ಯಳಂದೂರಿಗಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು; 1997ರಲ್ಲಿ ಇವೆಲ್ಲ ಕೂಡಿ ಚಾಮರಾಜನಗರ ಜಿಲ್ಲೆಯಾಯಿತು. ಇಡೀ ಕರ್ನಾಟಕಕ್ಕೆ ಒಂದೇ ನಿಷೇಧ ಬಂದದ್ದು 1982ರ ಕಾಯ್ದೆಯಿಂದ. ಅದಾದ ಮೇಲೂ ರಾಜ್ಯ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ, ಬಹುಪಾಲು ಉತ್ತರದ ಜಿಲ್ಲೆಗಳಲ್ಲಿ, 46,660 ಮಂದಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಅಲ್ಲಿ ಬಿಡುವ ಹುಡುಗಿಗೆ ‘ಬಸವಿ’ ಎಂಬ ಹೆಸರೂ ಉಂಟು. ಆ ಹೆಸರನ್ನು ಕೇಳಿದಾಗ ಬಸವಭಕ್ತರ ಕಿವಿ ನೋಯಬೇಕು.

ಯಳಂದೂರೆಂದರೆ ಸಂಚಿಯ ಹೊನ್ನಮ್ಮನ ಊರು. ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಆ ಹೆಣ್ಣು, ಹೆಣ್ಣುಮಗು ಹುಟ್ಟಿತೆಂದು ಕುಗ್ಗುವವರನ್ನು ಹದಿನೇಳನೆಯ ಶತಮಾನದಲ್ಲಿಯೇ ತನ್ನ ‘ಹದಿಬದೆಯ ಧರ್ಮ’ದಲ್ಲಿ ತರಾಟೆಗೆ ತೆಗೆದುಕೊಂಡಳು. ಆಕೆಯ ಪದ್ಯವನ್ನು ಬಾಯಿಪಾಠ ಮಾಡಿಸಿದ ಉಪಾಧ್ಯಾಯರಿಗೆ ತರಗತಿಯ ಹುಡುಗಿಯರಲ್ಲಿ ಎಷ್ಟು ಮಂದಿ ಮುಂದಿನ ಜೂನ್ ತಿಂಗಳಲ್ಲಿ ಬರುವುದಿಲ್ಲವೆಂಬುದೂ ತಿಳಿದಿರುತ್ತಿತ್ತು.

ಗುಡಿಯ ಗೆಜ್ಜೆ ಮರೆಯಾದ ಮೇಲೆ ಒತ್ತೆ ಬೇರೆ ರೂಪ ತಾಳಿತು. ಗುಂಡ್ಲುಪೇಟೆ ಮೂರು ರಾಜ್ಯಗಳ ಕವಲುದಾರಿ. ಒಂದು ರಸ್ತೆ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮದ್ದೂರು ಮೂಲೆಹೊಳೆಗಳ ಮೂಲಕ ವಯನಾಡಿಗೆ. ಚಾಮರಾಜನಗರದಿಂದ ಹಾಸನೂರು, ದಿಂಬಂ ದಾಟಿದರೆ ಸತ್ಯಮಂಗಲ. ಮಳೆ ಕೈಕೊಟ್ಟ ವರ್ಷ ಕೂಲಿಗೆ ಗಡಿ ದಾಟುವ ಸಂಸಾರಗಳು ಇಲ್ಲಿ ಹೊಸತಲ್ಲ. ಕಾಡುಮೃಗಗಳ ರಕ್ಷಣೆಗಾಗಿ ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಮಗುವನ್ನು ಸಾಗಿಸುವವನಿಗೆ ರಾತ್ರಿ ಬೇಕಾಗಿಲ್ಲ. ಅವನು ಹಗಲು ಹೊತ್ತಿನಲ್ಲಿ, ಸರ್ಕಾರಿ ಬಸ್ಸಿನಲ್ಲಿ, ಟಿಕೇಟು ಪಡೆದು, ಹುಡುಗಿಗೆ ಕಿಟಕಿಯ ಪಕ್ಕದ ಜಾಗ ಕೊಟ್ಟು ಹೋಗುತ್ತಾನೆ. ಬಹಳ ಸಲ ಅವನು ಅಪರಿಚಿತನೂ ಅಲ್ಲ. ಮಾವನ ವರಸೆಯವನು, ನೆರೆಮನೆಯವಳ ಬಂಧು, ಮೊದಲೇ ಹೋಗಿ ಬಂದ ಊರಿನ ಹೆಂಗಸು. ಮನೆಗೆಲಸ, ಗಿರಣಿಯ ಕೆಲಸ, ವರದಕ್ಷಿಣೆಯಿಲ್ಲದ ಮದುವೆ ಎಂಬ ಮೂರು ಮಾತುಗಳಲ್ಲಿ ಒಂದು ಅವರ ಬಾಯಲ್ಲಿರುತ್ತದೆ. ತಂದೆತಾಯಿಯ ಕೈಗೆ ಒಂದಿಷ್ಟು ಮುಂಗಡ ಬೀಳುತ್ತದೆ. ಅದೇ ಒತ್ತೆ. ಮುಂದೆ ಊಟ, ಬಟ್ಟೆ, ಪ್ರಯಾಣ, ಔಷಧಿಗಳೆಲ್ಲ ಹುಡುಗಿಯ ಲೆಕ್ಕಕ್ಕೆ ಸಾಲವಾಗಿ ಏರುತ್ತ ಹೋಗಿ, ದುಡಿದಷ್ಟೂ ತೀರದ ಋಣವಾಗುತ್ತದೆ. ಜೀತಪದ್ಧತಿಯನ್ನು ಕಂಡ ನಮ್ಮ ಸೀಮೆಯ ಹಿರಿಯರಿಗೆ ಈ ಲೆಕ್ಕದ ಜಾಡು ಹೊಸದೆನಿಸದು.

ಕಾನೂನು ಈ ನಡುವೆ ಬಹುದೂರ ಬಂದಿದೆ. 1956ರ ಕೇಂದ್ರ ಕಾಯ್ದೆ ಸೂಳೆಗೇರಿಯನ್ನು ಮುಖ್ಯವಾಗಿ ಕಂಡಿತು. 1986ರ ತಿದ್ದುಪಡಿ ಮಗುವನ್ನು ಬೇರೆಯಾಗಿ ಗುರುತಿಸಿತು. 2012ರ ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನವರ ‘ಒಪ್ಪಿಗೆ’ ಎಂಬ ಮಾತನ್ನೇ ತೆಗೆದುಹಾಕಿತು. ಮಗುವಿನ ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಕೂಡದು, ಮಗುವಿನ ಹೆಸರು ಪತ್ರಿಕೆಯಲ್ಲಿ ಬರಕೂಡದು, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂದಿತು. ಬಿಡುಗಡೆಯಾದ ಮಗುವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 1098 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಇಂದು ಶಾಲೆಯ ಗೋಡೆಗಳ ಮೇಲೆ ಬರೆಯಿಸುತ್ತಾರೆ. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿದ ತಿದ್ದುಪಡಿಯನ್ನು ಕರ್ನಾಟಕ 2016ರಲ್ಲಿ ಮಾಡಿತು. ಮದುವೆಯ ಹೆಸರಿನಲ್ಲಿ ನಡೆಯುವ ಮಾರಾಟಕ್ಕೆ ಇದು ದೊಡ್ಡ ತಡೆ.

ಆದರೆ ನ್ಯಾಯಾಲಯದಲ್ಲಿ ಎಲ್ಲವೂ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇವಳಿಗೆ ಎಷ್ಟು ವಯಸ್ಸು? ಹದಿನೆಂಟು ತುಂಬಿದೆಯೆಂದು ಎದುರಾಳಿಯ ವಕೀಲರು ಹೇಳಿಯೇ ಹೇಳುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 94ನೆಯ ಕಲಮಿನ ಪ್ರಕಾರ ವಯಸ್ಸಿಗೆ ಮೊದಲ ಆಧಾರ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ. ಅದು ಇಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ದಾಖಲೆ. ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ಎಲುಬಿನ ಪರೀಕ್ಷೆ ಒಂದೆರಡು ವರ್ಷ ಹಿಂದೆ ಮುಂದೆ ಆಗಬಲ್ಲದು; ಆ ಒಂದೆರಡು ವರ್ಷದಲ್ಲಿಯೇ ಅಪರಾಧಿ ತಪ್ಪಿಸಿಕೊಳ್ಳಬಲ್ಲ. ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕ, ಇಲಿ ಕಚ್ಚಿದ ಅದರ ಅಂಚು, ಮೇಷ್ಟರ ಅಕ್ಷರ, ಇವು ಹೈಕೋರ್ಟಿನವರೆಗೆ ಹೋಗುವ ಸಾಕ್ಷಿ. ತಾಯಿಗೆ ದಿನಾಂಕ ತಿಳಿಯದಿದ್ದಾಗ ಅಂದಾಜಿನಿಂದ ಜೂನ್ 1 ಎಂದು ಬರೆಯುವ ವಾಡಿಕೆ ನಮ್ಮ ಶಾಲೆಗಳಲ್ಲಿ ದಶಕಗಳ ಕಾಲ ಇತ್ತು. ‘ಬೇಗ ಸೇರಲಿ’ ಎಂದು ಒಂದು ವರ್ಷ ಹೆಚ್ಚಿಸಿ ಬರೆದ ದಿನಾಂಕ, ಹತ್ತು ವರ್ಷದ ನಂತರ ಆ ಹುಡುಗಿಯ ರಕ್ಷಣೆಯನ್ನೇ ಒಂದು ವರ್ಷ ಕಡಿಮೆ ಮಾಡುತ್ತದೆ. ಉಪಾಧ್ಯಾಯ ಬಂಧುಗಳು ಇದನ್ನು ಮರೆಯಬಾರದು. ಮಧ್ಯದಲ್ಲಿ ಶಾಲೆ ಬಿಟ್ಟ ಹುಡುಗಿಯ ಮುಂದೆ ‘ನೆಂಟರ ಮನೆಗೆ ಹೋಗಿದ್ದಾಳೆ’ ಎಂಬ ಷರಾ ಬರೆಯುವಾಗಲೂ, ಯಾವ ಊರಿನ ಯಾವ ನೆಂಟರೆಂದು ಕೇಳಿ ಬರೆಯುವುದಕ್ಕೆ ಎರಡು ನಿಮಿಷ ಸಾಕು.

ಬಿಡುಗಡೆ ಒಂದು ರಾತ್ರಿಯ ಕೆಲಸ, ಬದುಕನ್ನು ಮತ್ತೆ ಕಟ್ಟುವುದು ಹತ್ತು ವರ್ಷದ ಕೆಲಸ. ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯನ್ನು ಈ ಮಾತಿಗಾಗಿ ಹೆಸರಿಸಬೇಕು. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಅದನ್ನು ಕಟ್ಟಿದರು. ಮೂರು ದಶಕಗಳಿಗೂ ಮೀರಿ ಅವರು ಮಾರಾಟವಾದ ಮಕ್ಕಳನ್ನೂ ಹೆಂಗಸರನ್ನೂ ಬಿಡಿಸಿ ತಂದದ್ದಷ್ಟೇ ಅಲ್ಲ, ಇಟ್ಟುಕೊಂಡು ಓದಿಸಿದರು, ಕೆಲಸ ಕಲಿಸಿದರು, ಮದುವೆಗಳನ್ನು ನಡೆಸಿಕೊಟ್ಟರು. ‘ಒಡನಾಡಿ’ ಎಂಬ ಹೆಸರಿನ ಆಯ್ಕೆಯೇ ಸೊಗಸು. ಅದರಲ್ಲಿ ‘ಉದ್ಧಾರಕ’ನ ಗರ್ವವಿಲ್ಲ. ಬಿಡುಗಡೆಯಾದ ಹುಡುಗಿ ಮೊದಲ ತಿಂಗಳುಗಳಲ್ಲಿ ತನ್ನನ್ನು ಬಿಡಿಸಿದವರ ಮೇಲೆಯೇ ಸಿಟ್ಟಾಗುವುದುಂಟು, ಓಡಿಹೋಗಲು ನೋಡುವುದುಂಟು. ಸಾಲ ತೀರಿಲ್ಲವೆಂಬ ಭಯ, ಮನೆಯವರು ಸೇರಿಸರೆಂಬ ಅಳುಕು ಅವಳಲ್ಲಿ ಇನ್ನೂ ಇರುತ್ತವೆ. ಮನೆಯವರೇ ಒತ್ತೆ ಹಿಡಿದಿದ್ದಾಗ ಅವಳನ್ನು ಮರಳಿ ಅದೇ ಮನೆಗೆ ಕಳಿಸುವುದು ಎರಡನೆಯ ಮಾರಾಟಕ್ಕೆ ದಾರಿ ಮಾಡಿಕೊಟ್ಟಂತೆ. ಆದುದರಿಂದಲೇ ಮನೆಯ ಸ್ಥಿತಿಯನ್ನು ವಿಚಾರಿಸದೆ ಕಳಿಸಬಾರದೆಂದು ಕಾನೂನು ವಿಧಿಸಿದೆ.

ನಮ್ಮ ಮಠಗಳ ಉಚಿತ ಪ್ರಸಾದನಿಲಯಗಳು ನಾಡಿನ ಬಡಮಕ್ಕಳಿಗೆ ಅನ್ನ ಅಕ್ಷರಗಳನ್ನು ಕೊಟ್ಟ ಕಥೆ ಸರ್ವವಿದಿತ. ಅವು ಬಹುಕಾಲ ಮುಖ್ಯವಾಗಿ ಗಂಡುಮಕ್ಕಳ ನಿಲಯಗಳಾಗಿದ್ದವೆಂಬುದನ್ನೂ ಹೇಳಬೇಕು. ಗಡಿ ತಾಲೂಕುಗಳಲ್ಲಿ ಏಳನೆಯ ತರಗತಿಯ ನಂತರ ಹುಡುಗಿಗೆ ಒಂದು ಹಾಸಿಗೆ, ಎರಡು ಹೊತ್ತಿನ ಪ್ರಸಾದ, ಹತ್ತಿರದಲ್ಲೊಂದು ಪ್ರೌಢಶಾಲೆ ದೊರಕಿದರೆ ದಲ್ಲಾಳಿಯ ಮಾತಿಗೆ ಕಿವಿಗೊಡುವ ಮನೆಗಳ ಸಂಖ್ಯೆ ಕುಗ್ಗುತ್ತದೆ. ಹಾಗೆಂದು ನಿಲಯವೆಂಬ ಹೆಸರಿದ್ದ ಮಾತ್ರಕ್ಕೆ ಅದು ಸುರಕ್ಷಿತವಾಗದು. ಆಸರೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ, ಸರ್ಕಾರದ್ದಿರಲಿ ಧರ್ಮಸಂಸ್ಥೆಯದಿರಲಿ, ನೋಂದಣಿಯಾಗಿ ತಪಾಸಣೆಗೆ ತೆರೆದಿರಬೇಕೆಂದು 2015ರ ಕಾಯ್ದೆ ಹೇಳುತ್ತದೆ. ಕಾವಿಯ ಗೌರವಕ್ಕೆ ಇದರಿಂದ ಕುಂದೆಂದು ಭಾವಿಸುವವರ ಮಾತನ್ನು ಈ ಲೇಖಕ ಒಪ್ಪಲಾರ. ಜಂಗಮವೂ ಲೆಕ್ಕ ಒಪ್ಪಿಸಬೇಕು.

ಕಡೆಯದಾಗಿ ಶಾಲೆಯ ಪ್ರವೇಶ ಅರ್ಜಿಯ ವಿಷಯ. ಅದರಲ್ಲಿ ‘ತಂದೆಯ ಹೆಸರು’ ಎಂಬ ಒಂದು ಸಾಲುಂಟು. ದೇವದಾಸಿಯ ಮಗಳು, ಸಾಗಿಸಲ್ಪಟ್ಟು ತಾಯಿಯಾದ ಹುಡುಗಿಯ ಮಗು, ಇಂಥವರು ಶಾಲೆಯ ಮೆಟ್ಟಿಲ ಮೇಲೆ ಮೊದಲು ಎಡವುತ್ತಿದ್ದುದು ಆ ಸಾಲಿನಲ್ಲಿ. ಸಂಕವ್ವೆಯ ಮುಂದೆ ಅಂಥ ಅರ್ಜಿಯನ್ನು ಯಾರೂ ಇಟ್ಟಂತಿಲ್ಲ. ಆಕೆ ತನ್ನ ಹೆಸರಿನ ಕೆಳಗೆ ಬರೆದುಕೊಂಡದ್ದು ನಿರ್ಲಜ್ಜೇಶ್ವರನ ಹೆಸರನ್ನು. ಕರ್ನಾಟಕದ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯಲ್ಲಿ, ದೇವದಾಸಿಯರ ಮಕ್ಕಳು ತಂದೆಯ ಹೆಸರನ್ನು ಬರೆಯಲೇಬೇಕೆಂಬ ಒತ್ತಾಯವಿಲ್ಲ.